ಪಹಣಿಯ 2-15 ಮತ್ತು 3-32: ಅನುಪಾತ 5:8 ಅಂತೆ, ಹೇಗೆ?

ಬದುವಿನಾಚೆ
ಅಕ್ಕಪಕ್ಕದ ಎರಡು ಸರ್ವೆ ನಂಬರು. ಪಹಣಿಯಲ್ಲಿ ಒಂದರ ವಿಸ್ತೀರ್ಣ 2-15-00, ಇನ್ನೊಂದರದು 3-32-00. ಇಬ್ಬರೂ ಸೇರಿ ಕೊರೆಸಿದ ಬೋರ್‌ವೆಲ್‌ಗೆ 1,82,000 ರೂಪಾಯಿ ಆಗಿದೆ, ಜಮೀನು ಎಷ್ಟಿದೆಯೋ ಆ ಅನುಪಾತದಲ್ಲಿ ಹಂಚಿಕೊಳ್ಳಬೇಕು. 2.15:3.32 ಅಂತ ಬರೆದು ಚುಕ್ಕಿ ತೆಗೆದರೆ 215:332. ಅಲ್ಲಿಂದ ಮುಂದಕ್ಕೆ ಯಾವ ಮಗ್ಗಿಯೂ ಎರಡಕ್ಕೂ ಹೊಂದುವುದಿಲ್ಲ. ಆದರೆ ಉತ್ತರ 5:8 ಅಂತ ಹೇಳುತ್ತಾರೆ. ಎರಡೂ ಒಂದೇನಾ? ಕ್ಯಾಲ್ಕುಲೇಟರ್ ಬೇಡ, ಕೈಯಲ್ಲಿ ಮಾಡುವ ಕ್ರಮ ಬೇಕು.

ಸರಪಳಿ ಆಣೆ
ಒಂದೇ ಅಲ್ಲ. ತಪ್ಪು ಆಗಿರುವುದು ಮಗ್ಗಿಯಲ್ಲಲ್ಲ, ಮೊದಲ ಸಾಲಿನಲ್ಲೇ. 2-15 ಅಂದರೆ 2 ಎಕರೆ 15 ಗುಂಟೆ, ಎರಡು ಬಿಂದು ಒಂದು ಐದಲ್ಲ. ಎಕರೆಗೆ 40 ಗುಂಟೆ, ನೂರಲ್ಲ. ಗೀಟಿನ ಜಾಗದಲ್ಲಿ ಚುಕ್ಕಿ ಇಟ್ಟ ಕೂಡಲೇ 15 ಗುಂಟೆ ಹೋಗಿ ನೂರರಲ್ಲಿ 15 ಆಗಿಬಿಟ್ಟಿತು.

ಎರಡನ್ನೂ ಗುಂಟೆಗೆ ಇಳಿಸಿ:

2 × 40 + 15 = 95
3 × 40 + 32 = 152

ಅನುಪಾತ 95:152. ದಶಾಂಶವೇ ಬೇಕೆಂದರೆ 15 ಗುಂಟೆಯನ್ನು 40ರಿಂದ ಭಾಗಿಸಿ, 2.375 ಎಕರೆ, ಇನ್ನೊಂದು 3.8 ಎಕರೆ. ದಾರಿ ಸರಿ, ಆದರೆ ಕೈಲೆಕ್ಕಕ್ಕೆ ಸುತ್ತು.

ಮೂರನೇ ಕಾಲಮ್ಮಿನಲ್ಲಿ ಆಣೆ ಇದ್ದರೆ ಇನ್ನೊಂದು ಮೆಟ್ಟಿಲು ಇಳಿಯಬೇಕು. ಗುಂಟೆಗೆ 16 ಆಣೆ. 2-15-08 ಅಂದರೆ 95 × 16 + 8 = 1528 ಆಣೆ, ಆಗ ಇನ್ನೊಂದು ಜಮೀನನ್ನೂ ಆಣೆಗೇ ಇಳಿಸಬೇಕು. ಒಂದು ಆಣೆಯಲ್ಲಿ, ಇನ್ನೊಂದು ಗುಂಟೆಯಲ್ಲಿ ನಿಂತರೆ ಅದು ಅನುಪಾತವೇ ಅಲ್ಲ. ಹಾಗೆಯೇ ಖರಾಬು, ಅಂದರೆ ಸಾಗುವಳಿಗೆ ಬಾರದ ಜಾಗ. ಒಂದು ಕಡೆ ಖರಾಬು ಕಳೆದ ವಿಸ್ತೀರ್ಣ, ಇನ್ನೊಂದು ಕಡೆ ಒಟ್ಟು ವಿಸ್ತೀರ್ಣ ತೆಗೆದುಕೊಂಡರೆ ಲೆಕ್ಕ ಎಷ್ಟೇ ಚೊಕ್ಕಟವಾಗಿರಲಿ, ಉತ್ತರ ಸುಳ್ಳು.

ಮಗ್ಗಿ ಮೇಷ್ಟ್ರು
ಇದೇ ತಪ್ಪು ಅಡಿ ಇಂಚಿನಲ್ಲಿ ಇನ್ನೂ ಅಪಾಯ. 5 ಅಡಿ 10 ಇಂಚಿಗೂ 6 ಅಡಿ 8 ಇಂಚಿಗೂ ಅನುಪಾತ ಕೇಳಿದರೆ 5.10:6.8 ಅಂತ ಬರೆಯುತ್ತಾರೆ. 510:680, ಸುಲಭವಾಗಿ 3:4. ನೋಡಲು ಎಷ್ಟು ಚೆಂದವೋ ಅಷ್ಟೇ ತಪ್ಪು. ಇಂಚಿಗೆ ಇಳಿಸಿದರೆ 70:80, ಅಂದರೆ 7:8. ಉತ್ತರ ಚಿಕ್ಕದಾಗಿ ಬಂತು ಅಂದ ಮಾತ್ರಕ್ಕೆ ಸರಿ ಅಂತ ನಂಬಬಾರದು. 215:332 ಹೊಂದದೇ ಹೋಗಿದ್ದು ಒಳ್ಳೆಯದೇ ಆಯಿತು, ಇಲ್ಲದಿದ್ದರೆ ಈ ಪ್ರಶ್ನೆಯೇ ಬರುತ್ತಿರಲಿಲ್ಲ. ಗಂಟೆ ನಿಮಿಷಕ್ಕೂ ಇದೇ ಮಾತು: 2 ಗಂಟೆ 30 ನಿಮಿಷ ಅಂದರೆ 150 ನಿಮಿಷ, 2.30 ಅಲ್ಲ.

ಬದುವಿನಾಚೆ
ಸರಿ, 95:152. ಆದರೆ ಇಲ್ಲೂ ಅದೇ ಗೋಳು. 95 ಐದರ ಮಗ್ಗಿಯಲ್ಲಿದೆ, 152 ಇಲ್ಲ. 152 ಎರಡರಿಂದ ಹೋಗುತ್ತದೆ, 95 ಹೋಗುವುದಿಲ್ಲ. 3, 7, 11 ಯಾವುದೂ ಇಲ್ಲ.

ಶೇಷ ಸೊನ್ನೆ
ಮಗ್ಗಿ ಹುಡುಕುತ್ತಾ ಹೋಗಬೇಡಿ, ಕಳೆಯುತ್ತಾ ಹೋಗಿ. ದೊಡ್ಡದರಿಂದ ಚಿಕ್ಕದನ್ನು ಕಳೆಯುವುದು. ಉಳಿದದ್ದು ಮತ್ತು ಚಿಕ್ಕದು, ಈ ಎರಡರಲ್ಲಿ ಮತ್ತೆ ದೊಡ್ಡದರಿಂದ ಚಿಕ್ಕದನ್ನು ಕಳೆಯುವುದು. ಎರಡೂ ಒಂದೇ ಸಂಖ್ಯೆ ಆಗುವವರೆಗೆ.

152 − 95 = 57
95 − 57 = 38
57 − 38 = 19
38 − 19 = 19

ಈಗ ಕೈಯಲ್ಲಿರುವುದು 19 ಮತ್ತು 19. ಮ.ಸಾ.ಅ. (ಎರಡನ್ನೂ ಭಾಗಿಸುವ ಅತಿ ದೊಡ್ಡ ಸಂಖ್ಯೆ) 19. ಭಾಗಿಸಿ: 95 ÷ 19 = 5, 152 ÷ 19 = 8. ಉತ್ತರ 5:8.

ಯಾಕೆ ಸರಿ ಬರುತ್ತದೆ ಅಂದರೆ: 19 ಗುಂಟೆಯ ಪಟ್ಟಿಗಳಿಂದ ಒಂದು ಹೊಲವೂ ಪೂರ್ತಿ ತುಂಬುತ್ತದೆ, ಇನ್ನೊಂದೂ ಪೂರ್ತಿ ತುಂಬುತ್ತದೆ ಅಂದಮೇಲೆ, ದೊಡ್ಡ ಹೊಲದಲ್ಲಿ ಹೆಚ್ಚಿಗೆ ಇರುವ ಭಾಗವೂ ಅದೇ ಪಟ್ಟಿಗಳಿಂದ ತುಂಬಲೇಬೇಕು. ಎರಡನ್ನೂ ಭಾಗಿಸುವ ಸಂಖ್ಯೆ ಅವುಗಳ ವ್ಯತ್ಯಾಸವನ್ನೂ ಭಾಗಿಸುತ್ತದೆ. ಹಾಗಾಗಿ 95:152ರ ಬದಲು 95, 57 ಇಟ್ಟುಕೊಂಡರೂ ಹುಡುಕುವ ಸಂಖ್ಯೆ ತಪ್ಪಿಸಿಕೊಳ್ಳುವುದಿಲ್ಲ.

ಇನ್ನು 1,82,000: 5 + 8 = 13 ಪಾಲು. 1,82,000 ÷ 13 = 14,000. ಒಬ್ಬರಿಗೆ 70,000, ಇನ್ನೊಬ್ಬರಿಗೆ 1,12,000. ನೀವು ಮೊದಲು ಬರೆದ 215:332ರಲ್ಲಿ ಹಂಚಿದ್ದರೆ ಚಿಕ್ಕ ಹಿಡುವಳಿಯವರು ಸುಮಾರು 71,535 ಕೊಡುತ್ತಿದ್ದರು. ಒಂದು ಚುಕ್ಕಿಯ ಬೆಲೆ 1,535 ರೂಪಾಯಿ.

ಚಿಲ್ಲರೆ ಅಂಗಡಿ
ಇನ್ನೂ ಕಡಿಮೆ ಕೆಲಸ ಇದೆ. ಮೊದಲ ವ್ಯತ್ಯಾಸ 57 ಬಂತಲ್ಲ, ಅಲ್ಲೇ ನಿಲ್ಲಿ. 57 = 3 × 19. ಹಾಗಾಗಿ ಸಾಮಾನ್ಯ ಅಪವರ್ತನ ಇದ್ದರೆ ಅದು 3, 19 ಅಥವಾ 57 ಮಾತ್ರ. 95ರ ಅಂಕಿ ಕೂಡಿದರೆ 14, ಮೂರರಿಂದ ಹೋಗಲ್ಲ. ಹಾಗಾಗಿ 57ರಿಂದಲೂ ಇಲ್ಲ. ಉಳಿದದ್ದು 19. ಹೋದರೆ ಅದರಿಂದ, ಇಲ್ಲದಿದ್ದರೆ ಅನುಪಾತ ಆಗಲೇ ಸರಳರೂಪದಲ್ಲಿದೆ.

323:437 ನೋಡಿ. ಎರಡೂ ಅವಿಭಾಜ್ಯದ ಹಾಗೆ ಕಾಣುತ್ತವೆ. ವ್ಯತ್ಯಾಸ 114 = 2 × 3 × 19. 323 ಬೆಸ, 2 ಹೋಯಿತು. ಅಂಕಿಮೊತ್ತ 8, 3 ಹೋಯಿತು. 19 × 17 = 323. 19 × 23 = 437. ಉತ್ತರ 17:23. ಎರಡು ದೊಡ್ಡ ಸಂಖ್ಯೆಗಳನ್ನು ಅಪವರ್ತಿಸುವುದಕ್ಕಿಂತ ಒಂದು ಚಿಕ್ಕ ವ್ಯತ್ಯಾಸವನ್ನು ಅಪವರ್ತಿಸುವುದು ಯಾವಾಗಲೂ ಅಗ್ಗ.

ಶೇಷ ಸೊನ್ನೆ
"ಯಾವಾಗಲೂ" ಅನ್ನಬೇಡಿ. ವ್ಯತ್ಯಾಸ ಚಿಕ್ಕದಿದ್ದಾಗ ಮಾತ್ರ. ಲ್ಯಾಪ್‌ಟಾಪ್ ಪರದೆಯ 1366:768 ತೆಗೆದುಕೊಳ್ಳಿ. ವ್ಯತ್ಯಾಸ 598 = 2 × 13 × 23. ಮಾಡಬಹುದು, ಆದರೆ ಎಲ್ಲರಿಗೂ 598 ಒಡೆಯಲು ಬರುವುದಿಲ್ಲ. ಕಳೆಯುವ ದಾರಿಗೆ ಯಾವ ಜಾಣತನವೂ ಬೇಡ. ಒಂದೇ ಸಂಖ್ಯೆಯನ್ನು ಮತ್ತೆ ಮತ್ತೆ ಕಳೆಯುವ ಕಡೆ ಭಾಗಿಸಿ ಶೇಷ ಹಿಡಿಯಿರಿ:

1366 − 768 = 598
768 − 598 = 170
598 − 3 × 170 = 88
170 − 88 = 82
88 − 82 = 6
82 − 13 × 6 = 4
6 − 4 = 2
4 = 2 × 2, ಶೇಷ ಸೊನ್ನೆ

ಕೊನೆಗೆ ಸೊನ್ನೆ ಅಲ್ಲದ ಶೇಷ 2. ಹಾಗಾಗಿ 683:384, ಇದಕ್ಕಿಂತ ಚಿಕ್ಕದಾಗದು. ಅದನ್ನು 16:9 ಅನ್ನುವುದು ಅಂದಾಜು. 1920:1080 ಮಾತ್ರ ಚಾಚೂ ತಪ್ಪದ 16:9, ಎರಡನ್ನೂ 120ರಿಂದ ಭಾಗಿಸಿದರೆ ಆಯಿತು.

ನಡುವೆ ಎಲ್ಲಾದರೂ ಶೇಷ 1 ಬಂದರೆ ಪೆನ್ನು ಕೆಳಗಿಡಿ. 215:332ಕ್ಕೆ ಮಾಡಿದರೆ 117, 98, 19, 3, 1. ಅದು ಹೊಂದುವುದಿಲ್ಲ ಅಂತ ನಾಲ್ಕೈದು ಸಾಲಿನಲ್ಲಿ ಗೊತ್ತಾಗುತ್ತದೆ, ಮಗ್ಗಿ ಮೇಲೆ ಮಗ್ಗಿ ಪ್ರಯತ್ನಿಸಬೇಕಿಲ್ಲ.

ಚಿಲ್ಲರೆ ಅಂಗಡಿ
ಒಪ್ಪಿದೆ. "ಸಾಮಾನ್ಯವಾಗಿ" ಅಂತ ತಿದ್ದಿಕೊಳ್ಳಿ.

ಹೊಸ ಸ್ಲೇಟು
ಭಿನ್ನರಾಶಿ ಬಂದರೆ? ½ : ⅓ : ¼ ಇದ್ದರೆ 2:3:4 ಆಗುತ್ತದಾ, ತಿರುಗಿಸಿ 4:3:2 ಆಗುತ್ತದಾ?

ಮಗ್ಗಿ ಮೇಷ್ಟ್ರು
ಎರಡೂ ಅಲ್ಲ, 6:4:3.

2:3:4 ತಪ್ಪು ಅಂತ ಕಣ್ಣಿಗೇ ಕಾಣಬೇಕು: ಅರ್ಧ ದೊಡ್ಡದು, ಕಾಲು ಚಿಕ್ಕದು, ಆದರೆ ಇಲ್ಲಿ ಅರ್ಧದವನಿಗೇ ಕಡಿಮೆ. 4:3:2 ಸ್ವಲ್ಪ ಮೋಸ ಮಾಡುತ್ತದೆ, ಯಾಕೆಂದರೆ ಎರಡೇ ಪದ ಇದ್ದಾಗ ತಿರುಗಿಸುವುದು ಸರಿ ಬರುತ್ತದೆ. ½ : ⅓ ಅಂದರೆ ನಿಜವಾಗಿಯೂ 3:2. ಆ ಅಭ್ಯಾಸವನ್ನು ಮೂರು ಪದಕ್ಕೆ ಎಳೆದರೆ ಕೆಡುತ್ತದೆ. ಅಂಶದಲ್ಲಿ 1 ಇಲ್ಲದಿದ್ದರೆ, ಉದಾಹರಣೆಗೆ ½ : ⅔, ಎರಡು ಪದಕ್ಕೂ ಕೆಡುತ್ತದೆ (ಅದು 3:4).

ಕ್ರಮ ಒಂದೇ. ಛೇದಗಳ ಲ.ಸಾ.ಅ. (ಎಲ್ಲ ಛೇದಗಳಿಂದಲೂ ಭಾಗವಾಗುವ ಅತಿ ಚಿಕ್ಕ ಸಂಖ್ಯೆ) ತೆಗೆದು ಎಲ್ಲ ಪದವನ್ನೂ ಅದರಿಂದ ಗುಣಿಸಿ. 2, 3, 4ರ ಲ.ಸಾ.ಅ. 12. ಹನ್ನೆರಡರಲ್ಲಿ ಅರ್ಧ 6, ಮೂರನೇ ಒಂದು 4, ಕಾಲು 3. ಮಿಶ್ರಭಿನ್ನ ಇದ್ದರೆ ಮೊದಲು ವಿಷಮಭಿನ್ನ: 2½ : 3¾ ಅಂದರೆ 5/2 : 15/4. ನಾಲ್ಕರಿಂದ ಗುಣಿಸಿ 10:15, ಅಂದರೆ 2:3.

ದಶಾಂಶಕ್ಕೂ ಅದೇ ನಿಯಮ, ಹತ್ತರ ಘಾತದಿಂದ ಗುಣಿಸುವುದು. ಆದರೆ ಎರಡನ್ನೂ ಒಂದೇ ಸಂಖ್ಯೆಯಿಂದ. 0.75 : 1.2ರಲ್ಲಿ ಬರೀ ಚುಕ್ಕಿ ಅಳಿಸಿದರೆ 75:12. ಒಂದನ್ನು ನೂರರಿಂದ, ಇನ್ನೊಂದನ್ನು ಹತ್ತರಿಂದ ಗುಣಿಸಿದ ಹಾಗಾಯಿತು. 1.2ನ್ನು 1.20 ಅಂತ ಬರೆದುಕೊಂಡು ಆಮೇಲೆ ಚುಕ್ಕಿ ತೆಗೆಯಿರಿ: 75:120, ಹದಿನೈದರಿಂದ ಭಾಗಿಸಿ 5:8. (ಈ ಚರ್ಚೆಗೆ 5:8 ಅಂಟಿಕೊಂಡಿತು.)

ಸೊನ್ನೆ ಹೊಡೆಯುವಾಗ ಎಚ್ಚರ. ಹೊಡೆಯುವುದು ಕೊನೆಯ ಸೊನ್ನೆಗಳನ್ನು, ಅದೂ ಎಲ್ಲ ಪದದಿಂದ ಒಂದೊಂದು. 20:105ರಲ್ಲಿ 105ರ ನಡುವಿನ ಸೊನ್ನೆ ಹೊಡೆದು 2:15 ಬರೆಯುವವರಿದ್ದಾರೆ. ಸರಿಯಾದದ್ದು 4:21.

ಹೊಸ ಸ್ಲೇಟು
4,550 ರೂಪಾಯಿಯನ್ನು ½ : ⅓ : ¼ ಅನುಪಾತದಲ್ಲಿ ಹಂಚಿದರೆ ಮೊದಲನೆಯವನಿಗೆ ಅರ್ಧ, ಅಂದರೆ 2,275 ಸಿಗಬೇಕಲ್ಲ?

ಶೇಷ ಸೊನ್ನೆ
ಸಿಗದು. ½ + ⅓ + ¼ = 13/12. ಒಂದಕ್ಕಿಂತ ಹೆಚ್ಚು! ಎಲ್ಲರಿಗೂ ಅಕ್ಷರಶಃ ಅಷ್ಟು ಕೊಡಲು ದುಡ್ಡೇ ಇಲ್ಲ. "ಅರ್ಧ ಕೊಡು" ಬೇರೆ, "ಅರ್ಧ, ಮೂರನೇ ಒಂದು, ಕಾಲು ಈ ಅನುಪಾತದಲ್ಲಿ ಕೊಡು" ಬೇರೆ. 6:4:3, ಒಟ್ಟು 13 ಪಾಲು, ಪಾಲಿಗೆ 350. ಹಂಚಿಕೆ 2,100, 1,400, 1,050. ಕೂಡಿ ನೋಡಿ, 4,550.

ಸರಪಳಿ ಆಣೆ
ಮೂರು ಪದ ಬಂದಾಗ ಇನ್ನೊಂದು: 4:6:9ನ್ನು ನೋಡಿ 4 ಮತ್ತು 6 ಎರಡರಿಂದ ಹೋಗುತ್ತವೆ ಅಂತ 2:3:9 ಮಾಡಿಬಿಡುತ್ತಾರೆ. ಮೂರನ್ನೂ ಭಾಗಿಸದ ಸಂಖ್ಯೆಯನ್ನು ಮುಟ್ಟಬಾರದು. 4:6:9 ಇದ್ದ ಹಾಗೇ ಸರಳರೂಪ.

ಗಾರೆ ಗಮನ
ಕಟ್ಟಡದ ಕಡೆಯಿಂದ ಒಂದಿಷ್ಟು. ಎಂ20 ದರ್ಜೆಯ ಕಾಂಕ್ರೀಟಿಗೆ ಎಲ್ಲರೂ ಹೇಳುವುದು 1:1½:3, ಅಂದರೆ ಸಿಮೆಂಟ್, ಮರಳು, ಜಲ್ಲಿ. ಈ ಅರ್ಧವೇ ತಲೆನೋವು. ಎರಡರಿಂದ ಗುಣಿಸಿದರೆ 2:3:6. ಕಾಗದದಲ್ಲಿ ಅರ್ಥ ಒಂದೇ, ಕೆಲಸದ ಜಾಗದಲ್ಲಿ ವ್ಯತ್ಯಾಸ ದೊಡ್ಡದು, ಯಾಕೆಂದರೆ "ಅರ್ಧ ಪೆಟ್ಟಿಗೆ" ಅನ್ನುವುದು ಸುರಿಯುವವನ ಕಣ್ಣಳತೆ.

50 ಕೆಜಿ ಮೂಟೆಯ ಸಿಮೆಂಟ್ ಸುಮಾರು 35 ಲೀಟರ್. ಅಳತೆ ಪೆಟ್ಟಿಗೆಯನ್ನು ಅದರ ಅರ್ಧಕ್ಕೆ ಮಾಡಿಸಿ: ಒಳಗಿನ ಅಳತೆ 25 × 28 × 25 ಸೆಂ.ಮೀ., 17,500 ಘನ ಸೆಂ.ಮೀ., ಅಂದರೆ 17.5 ಲೀಟರ್. ಈಗ ಒಂದು ಮೂಟೆ (ಅದೇ 2 ಪೆಟ್ಟಿಗೆ), ಮರಳು 3 ಪೆಟ್ಟಿಗೆ, ಜಲ್ಲಿ 6 ಪೆಟ್ಟಿಗೆ. ಎಲ್ಲೂ ಅರ್ಧ ಇಲ್ಲ. ಪೆಟ್ಟಿಗೆಯ ಬಾಯಿಗೆ ಪಟ್ಟಿ ಎಳೆದು ಸಮ ಮಾಡಬೇಕು, ಗೋಪುರ ಬಿಡಬಾರದು.

ಸಾಮಾನು ಎಷ್ಟು ತರಿಸಬೇಕು ಅನ್ನುವುದಕ್ಕೂ 2:3:6 ಹಗುರ. 100 ಘನ ಅಡಿ ಕಾಂಕ್ರೀಟಿಗೆ ಒಣ ಸಾಮಾನು 154 ಘನ ಅಡಿ ಹಿಡಿಯುವುದು ರೂಢಿ (ಜಲ್ಲಿಯ ಸಂದಿಗೆ ಮರಳು, ಮರಳಿನ ಸಂದಿಗೆ ಸಿಮೆಂಟ್ ಇಳಿಯುತ್ತದಲ್ಲ). ಒಟ್ಟು ಪಾಲು 2 + 3 + 6 = 11. 154 ÷ 11 = 14, ಶೇಷವೇ ಇಲ್ಲ. ಸಿಮೆಂಟ್ 28, ಮರಳು 42, ಜಲ್ಲಿ 84 ಘನ ಅಡಿ. ಮೂಟೆಗೆ ಸುಮಾರು 1.225 ಘನ ಅಡಿ ಅಂದುಕೊಂಡರೆ 28 ಘನ ಅಡಿಗೆ 22.9, ಅಂದರೆ 23 ಮೂಟೆ. 5½ರಿಂದ ಭಾಗಿಸಲು ಹೊರಟವರು ಇದನ್ನೇ ಕಷ್ಟಪಟ್ಟು ಮಾಡುತ್ತಾರೆ.

ಹೊಸ ಸ್ಲೇಟು
ಗಾರೆ 1:6 ಅಂದರೆ ಆರನೇ ಒಂದು ಭಾಗ ಸಿಮೆಂಟ್ ತಾನೇ?

ಗಾರೆ ಗಮನ
ಅಲ್ಲ, ಏಳನೇ ಒಂದು. ಸಿಮೆಂಟ್ ಒಂದು, ಮರಳು ಆರು, ಒಟ್ಟು ಏಳು. ಅನುಪಾತ ಭಾಗಕ್ಕೂ ಭಾಗಕ್ಕೂ ಇರುವ ಸಂಬಂಧ, ಭಾಗಕ್ಕೂ ಒಟ್ಟಿಗೂ ಅಲ್ಲ. 350 ಲೀಟರ್ ಒಣ ಮಿಶ್ರಣದಲ್ಲಿ ಸಿಮೆಂಟ್ 50 ಲೀಟರ್. ಆರರಿಂದ ಭಾಗಿಸಿದರೆ 58 ದಾಟುತ್ತದೆ.

ಶೇಷ ಸೊನ್ನೆ
ಮರಳು ಒದ್ದೆ ಇದ್ದರೆ ಮೇಲಿನ 3 ಪೆಟ್ಟಿಗೆ ನಿಲ್ಲುವುದಿಲ್ಲ. ತೇವದ ಮರಳು ಉಬ್ಬುತ್ತದೆ, 3 ಪೆಟ್ಟಿಗೆ ತುಂಬಿದರೂ ಒಳಗೆ ನಿಜವಾದ ಮರಳು ಕಡಿಮೆ.

ಗಾರೆ ಗಮನ
ಹೌದು, ಅದನ್ನು ಬಿಟ್ಟಿದ್ದೆ. ಸ್ಥಳದಲ್ಲೇ ಅಳೆಯಬಹುದು. ನೇರ ಗೋಡೆಯ ಡಬ್ಬಕ್ಕೆ ತೇವದ ಮರಳನ್ನು ಒತ್ತದೆ ಸುರಿದು ಎತ್ತರ ಅಳೆಯಿರಿ, 200 ಮಿ.ಮೀ. ಇರಲಿ. ಮರಳು ಹೊರತೆಗೆದು, ಡಬ್ಬಕ್ಕೆ ಅರ್ಧ ನೀರು ಹಾಕಿ, ಅದೇ ಮರಳನ್ನು ಮತ್ತೆ ಸುರಿದು ಕಡ್ಡಿಯಿಂದ ಕಲಕಿ ಕೂರಲು ಬಿಡಿ. ಮುಳುಗಿದ ಮರಳು ಒಣ ಮರಳಿನಷ್ಟೇ ಜಾಗ ಹಿಡಿಯುತ್ತದೆ. ಎತ್ತರ 160ಕ್ಕೆ ಇಳಿಯಿತು ಅನ್ನಿ. ಉಬ್ಬು 40.

ಇಲ್ಲಿ ಎಡವುವವರು ಬಹಳ. 40ನ್ನು 200ರಿಂದ ಭಾಗಿಸಿ 20 ಶೇಕಡಾ ಅನ್ನುತ್ತಾರೆ. ಉಬ್ಬಿದ್ದು 160, 200 ಅಲ್ಲ. 40 ÷ 160, ಅಂದರೆ 25 ಶೇಕಡಾ. ಹಾಗಾಗಿ 3 ಪೆಟ್ಟಿಗೆ ಜಾಗದಲ್ಲಿ 3 × 1.25 = 3.75 ಪೆಟ್ಟಿಗೆ. 20 ಹಿಡಿದವರು 3.6 ಹಾಕಿ ನಿಲ್ಲಿಸುತ್ತಾರೆ. ತೇವದ ಮರಳಿನ ಅನುಪಾತ 2:3.75:6, ನಾಲ್ಕರಿಂದ ಗುಣಿಸಿ 8:15:24. ಅದನ್ನು ಹಾಗೇ ಸುರಿಯಲು ಹೋಗಬೇಡಿ, ನಾಲ್ಕು ಮೂಟೆ ಒಂದೇ ಸಲ ಹಿಡಿಯುವ ಮಿಕ್ಸರ್ ಸಾಮಾನ್ಯ ಕೆಲಸದಲ್ಲಿ ಇರುವುದಿಲ್ಲ. ನಾಲ್ಕು ಮೂಟೆಗೆ 15 ಪೆಟ್ಟಿಗೆ ಮರಳು ಬಿತ್ತೇ ಅಂತ ತಾಳೆ ನೋಡಲು ಅದು ಉಪಯೋಗ.

ಕೊನೆಗೌಡಿ
ಘಟಕ ಒಂದೇ ಇರಬೇಕು ಅನ್ನುವ ನಿಯಮಕ್ಕೆ ಅಡಿಕೆ ತೋಟದಲ್ಲಿ ಒಂದು ತಲೆಕೆಳಗು ಇದೆ. ಕೊಳೆರೋಗಕ್ಕೆ ಹೊಡೆಯುವ ಶೇ. 1ರ ಬೋರ್ಡೋ ದ್ರಾವಣ 1:1:100. ಮೈಲುತುತ್ತ 1 ಕೆಜಿ, ಸುಣ್ಣ 1 ಕೆಜಿ, ನೀರು 100 ಲೀಟರ್. ಇಲ್ಲಿ ಎರಡು ಪದ ತೂಕ, ಮೂರನೆಯದು ಗಾತ್ರ. ಲೀಟರ್ ನೀರು ಒಂದು ಕೆಜಿ ತೂಗುವುದರಿಂದ ಲೆಕ್ಕ ನಡೆಯುತ್ತದೆ ಅಷ್ಟೇ. ಗ್ರಾಂ ಬಳಸಿದರೆ ಮಿಲಿಲೀಟರ್, ಕೆಜಿ ಬಳಸಿದರೆ ಲೀಟರ್. 200 ಲೀಟರಿನ ಡ್ರಮ್ಮಿಗೆ 2 ಕೆಜಿ, 2 ಕೆಜಿ. 16 ಲೀಟರಿನ ಬೆನ್ನಿನ ಸ್ಪ್ರೇಯರಿಗೆ 160 ಗ್ರಾಂ, 160 ಗ್ರಾಂ. 16 ಗ್ರಾಂ ಅಂತ ಸೊನ್ನೆ ನುಂಗಿದರೆ ಹೊಡೆದದ್ದು ಬರೀ ನೀರು.

100 ಲೀಟರ್ ಅನ್ನುವುದು ಎರಡೂ ದ್ರಾವಣ ಸೇರಿದ ಮೇಲಿನ ನೀರು. 50 ಲೀಟರಿನಲ್ಲಿ ತುತ್ತ, ಇನ್ನೊಂದು 50ರಲ್ಲಿ ಸುಣ್ಣ. ತಲಾ 100 ಲೀಟರಿನಲ್ಲಿ ಕರಗಿಸಿ ಸೇರಿಸಿದರೆ ಅನುಪಾತ 1:1:200, ಶಕ್ತಿ ಅರ್ಧ. ಸುಣ್ಣ ಹಳೆಯದಾಗಿ ಸತ್ತಿದ್ದರೆ ತೂಕದ ಅನುಪಾತ ಸರಿ ಇದ್ದೂ ಕೆಲಸ ಕೆಡುತ್ತದೆ. ಅದಕ್ಕೇ ಕಬ್ಬಿಣದ ಚಾಕು ಅದ್ದಿ ನೋಡುವುದು: ತಾಮ್ರದ ಕೆಂಪು ಕೂತರೆ ಇನ್ನಷ್ಟು ಸುಣ್ಣದ ನೀರು ಬೇಕು.

ಚಿಲ್ಲರೆ ಅಂಗಡಿ
ಅಭ್ಯಾಸಕ್ಕೆ ಒಳ್ಳೆಯ ಸಾಮಗ್ರಿ ಬೇಕಾದರೆ ರಾಷ್ಟ್ರಧ್ವಜದ ಅಳತೆಗಳು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ಧ್ವಜ ತಯಾರಾಗುತ್ತದಲ್ಲ, ಅಲ್ಲಿ ಪಾಲಿಸುವ ಪ್ರಮಾಣಿತ ಗಾತ್ರ ಒಂಬತ್ತು. 6300 × 4200 ಮಿ.ಮೀ.ನಿಂದ 150 × 100ರವರೆಗೆ. ಉದ್ದ ಎತ್ತರ ಒಂಬತ್ತರಲ್ಲೂ 3:2. 1350:900, 225:150, ಯಾವುದನ್ನು ಬೇಕಾದರೂ ಇಳಿಸಿ ನೋಡಿ.

ಸ್ವಾರಸ್ಯ ಇರುವುದು ಚಕ್ರದ ವ್ಯಾಸದಲ್ಲಿ. ಎತ್ತರಕ್ಕೂ ವ್ಯಾಸಕ್ಕೂ ಅನುಪಾತ ತೆಗೆಯಿರಿ:

4200:1295, 35ರಿಂದ ಭಾಗಿಸಿ 120:37
2400:740, 20ರಿಂದ, 120:37
1800:555, 15ರಿಂದ, 120:37
1200:370, ಹತ್ತರಿಂದ, 120:37
900:280 ಮಾತ್ರ 45:14
600:185, ಮತ್ತೆ 120:37
300:90 ಅಂದರೆ 10:3
150:40 ಅಂದರೆ 15:4
100:25 ಅಂದರೆ 4:1

37 ಅವಿಭಾಜ್ಯ, 120 ಅದರಿಂದ ಹೋಗದು, ಹಾಗಾಗಿ 120:37ಕ್ಕಿಂತ ಕೆಳಗೆ ಇಳಿಯದು. 900 ಎತ್ತರಕ್ಕೆ ಇದೇ ಅನುಪಾತ ಹಿಡಿದರೆ ವ್ಯಾಸ 277.5 ಬರಬೇಕು, 280 ಇಟ್ಟಿದ್ದಾರೆ. ತೀರ ಚಿಕ್ಕ ಧ್ವಜಗಳಲ್ಲಿ ಚಕ್ರ ಅನುಪಾತಕ್ಕಿಂತ ಕಿರಿದು. ಅಂದರೆ ಒಂದು ಅಳತೆ ನೋಡಿ ಉಳಿದವನ್ನು ತ್ರೈರಾಶಿಕದಿಂದ ಊಹಿಸಿದರೆ ಒಂಬತ್ತರಲ್ಲಿ ನಾಲ್ಕು ಕಡೆ ತಪ್ಪುತ್ತೀರಿ. ಸರಳಗೊಳಿಸಿ ಪಕ್ಕಪಕ್ಕ ಇಟ್ಟಾಗಲೇ ಇದು ಕಾಣುವುದು. 4200:1295 ಮತ್ತು 900:280 ಹಾಗೇ ಇದ್ದರೆ ಯಾರಿಗೂ ಗೊತ್ತಾಗದು.

ಮಗ್ಗಿ ಮೇಷ್ಟ್ರು
ಸೊಗಸು. ಎ4 ಹಾಳೆಯನ್ನೂ ಸೇರಿಸಿ: 297:210, ಮೂರರಿಂದ ಭಾಗಿಸಿ 99:70. 99ರ ವರ್ಗ 9801, 70ರ ವರ್ಗದ ಎರಡರಷ್ಟು 9800. ಹಾಳೆಯನ್ನು ಅರ್ಧಕ್ಕೆ ಮಡಿಸಿದರೂ ಆಕಾರ ಬದಲಾಗದಿರಲು ವರ್ಗಗಳ ಅನುಪಾತ 2:1 ಬೇಕು. ಒಂದು ಕೂದಲಿನಷ್ಟು ಹತ್ತಿರ.

ಬದುವಿನಾಚೆ
ಇನ್ನೊಂದು ಕೇಳಬೇಕು. ಮೊದಲನೆಯವರಿಗೂ ಎರಡನೆಯವರಿಗೂ ಅನುಪಾತ ಗೊತ್ತಿದೆ, ಎರಡನೆಯವರಿಗೂ ಮೂರನೆಯವರಿಗೂ ಗೊತ್ತಿದೆ. ಮೂವರದ್ದನ್ನೂ ಸೇರಿಸಿ ಬರೆಯುವುದು ಹೇಗೆ?

ಶೇಷ ಸೊನ್ನೆ
ನಡುವಿನವನನ್ನು ಸಮ ಮಾಡಿ. ಅ:ಬ = 5:6, ಬ:ಕ = 9:10 ಇರಲಿ. ಬ ಒಂದು ಕಡೆ 6, ಇನ್ನೊಂದು ಕಡೆ 9. ಲ.ಸಾ.ಅ. 18. ಮೊದಲನೆಯದನ್ನು ಮೂರರಿಂದ ಗುಣಿಸಿ 15:18, ಎರಡನೆಯದನ್ನು ಎರಡರಿಂದ ಗುಣಿಸಿ 18:20. ಸೇರಿಸಿ 15:18:20. 5:6:10 ಅಂತ ಹಾಗೇ ಅಂಟಿಸಬಾರದು, ಆರು ಮತ್ತು ಒಂಬತ್ತು ಬೇರೆ ಬೇರೆ ಗಾತ್ರದ ಪಾಲುಗಳು. 6 × 9 = 54ಕ್ಕೂ ಏರಿಸಬಹುದು, 45:54:60 ಬರುತ್ತದೆ, ಆಮೇಲೆ ಮೂರರಿಂದ ಇಳಿಸಬೇಕು. ಲ.ಸಾ.ಅ. ಹಿಡಿದರೆ ಆ ಇಳಿಸುವ ಕೆಲಸ ಉಳಿಯುತ್ತದೆ.

ಮಗ್ಗಿ ಮೇಷ್ಟ್ರು
ಈ ಲ.ಸಾ.ಅ. ನಮ್ಮ ಕಡೆಯ ಹಳೆಯ ಸರಕು. ಕ್ರಿ.ಶ. 850ರ ಸುಮಾರಿಗೆ, ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯ ಬರೆದ ಗಣಿತಸಾರಸಂಗ್ರಹದಲ್ಲಿ ಛೇದಗಳನ್ನು ಸಮ ಮಾಡಲು ಇದನ್ನೇ ಬಳಸುತ್ತಾನೆ. ಅವನು ಇಟ್ಟ ಹೆಸರು ನಿರುದ್ಧ. ಪಾಲಿನ ಪ್ರಕಾರ ಹಂಚುವ ಲೆಕ್ಕಕ್ಕೆ ಅಲ್ಲಿ ಪ್ರಕ್ಷೇಪಕ ಅನ್ನುತ್ತಾರೆ, ಮಿಶ್ರಕ ವ್ಯವಹಾರದಲ್ಲಿ ಬರುತ್ತದೆ. ಪಾಲುಗಳನ್ನು ಕೂಡು, ಒಟ್ಟನ್ನು ಅದರಿಂದ ಭಾಗಿಸು, ಒಬ್ಬೊಬ್ಬರ ಪಾಲಿನಿಂದ ಗುಣಿಸು. ಈ ಪುಟದ ಮೇಲೆ ನಾವು ಮಾಡಿದ್ದೂ ಅದೇ.

ಬದುವಿನಾಚೆ
ಹಾಗಾದರೆ ಮೂರನೆಯವರ ಹಿಡುವಳಿ 1-17-00 ಅಂತಿಟ್ಟುಕೊಳ್ಳಿ. 40 + 17 = 57 ಗುಂಟೆ. 95:152:57. ಎಲ್ಲವನ್ನೂ 19ರಿಂದ ಭಾಗಿಸಿ 5:8:3. ಸರಿಯೇ?

ಸರಪಳಿ ಆಣೆ
ಸರಿ. ಕೂಡಿ ನೋಡಿ: 5 + 8 + 3 = 16. ಹದಿನಾರಾಣೆ! ರೂಪಾಯಿಗೆ 16 ಆಣೆ ಇದ್ದ ಕಾಲದಲ್ಲಿ ಪಾಲನ್ನು ಆಣೆಯಲ್ಲೇ ಹೇಳುತ್ತಿದ್ದರು: ಒಬ್ಬನದು ಐದಾಣೆ, ಒಬ್ಬನದು ಎಂಟಾಣೆ, ಒಬ್ಬನದು ಮೂರಾಣೆ. 1957ರ ಏಪ್ರಿಲ್ 1ಕ್ಕೆ ದಶಮಾಂಶ ನಾಣ್ಯ ಬಂತು, ಆದರೂ ಪಾಲಿನ ಮಾತಿನಲ್ಲಿ ಆಣೆ ಇನ್ನೂ ಹೋಗಿಲ್ಲ. ಕೈಲೆಕ್ಕಕ್ಕೆ ಅದರ ಅನುಕೂಲ ಏನೆಂದರೆ 16ರಿಂದ ಭಾಗಿಸುವುದು ಅಂದರೆ ನಾಲ್ಕು ಸಲ ಅರ್ಧ ಮಾಡುವುದು:

1,82,000 → 91,000 → 45,500 → 22,750 → 11,375

ಆಣೆಗೆ 11,375. ಐದಾಣೆ 56,875. ಎಂಟಾಣೆಗೆ ಲೆಕ್ಕವೇ ಬೇಡ, ಅರ್ಧ, 91,000. ಮೂರಾಣೆ 34,125. ಕೂಡಿದರೆ 1,82,000.

ಚಿಲ್ಲರೆ ಅಂಗಡಿ
ಎಲ್ಲ ಸಲವೂ ಹೀಗೆ ಸಮ ಬರಲ್ಲ. 10,000ನ್ನು 5:8ರಲ್ಲಿ ಹಂಚಿದರೆ ಪಾಲಿಗೆ 769.23ರ ಹತ್ತಿರ. ಆ 769.23ನ್ನು ಹಿಡಿದು 8ರಿಂದ ಗುಣಿಸಬೇಡಿ, ಬಿಟ್ಟ ಪೈಸೆ ಎಂಟು ಪಟ್ಟು ಬೆಳೆಯುತ್ತದೆ. ಮೊದಲು ಗುಣಿಸಿ, ಆಮೇಲೆ ಭಾಗಿಸಿ: 50,000 ÷ 13 = 3,846.15. ಕೊನೆಯವರ ಪಾಲನ್ನು ಭಾಗಾಕಾರದಿಂದ ತೆಗೆಯದೆ ಒಟ್ಟಿನಿಂದ ಕಳೆದು ಬರೆಯಿರಿ, 6,153.85. ಆಗ ಮೊತ್ತ ತಾಳೆಯಾಗದೆ ಇರುವ ಪ್ರಶ್ನೆಯೇ ಇಲ್ಲ. ತಾಳೆ ನೋಡಬೇಕೆಂದರೆ ಎಂಟು ಪಾಲನ್ನೂ ಬೇರೆಯಾಗಿ ಲೆಕ್ಕ ಹಾಕಿ.

ಬದುವಿನಾಚೆ
ಕೊನೆಯದು. ಮೊದಲ ಇಬ್ಬರು ಈಗಾಗಲೇ 70,000 ಮತ್ತು 1,12,000 ಕೊಟ್ಟಾಗಿದ್ದು, ಮೂರನೆಯವರು ಆಮೇಲೆ ಬಂದು 34,125 ಕೊಟ್ಟರೆ ಅದು ಇಬ್ಬರಿಗೂ ಸಮ ಸಮ ವಾಪಸ್ಸಾ?

ಶೇಷ ಸೊನ್ನೆ
ಸಮ ಅಲ್ಲ. ಪ್ರತಿಯೊಬ್ಬರೂ ಕೊಟ್ಟದ್ದರಿಂದ ಕೊಡಬೇಕಾದದ್ದನ್ನು ಕಳೆಯಿರಿ. 70,000 − 56,875 = 13,125. 1,12,000 − 91,000 = 21,000. ಎರಡೂ ಕೂಡಿ 34,125. ಇನ್ನು ಆ ಎರಡರ ಅನುಪಾತ ತೆಗೆಯಿರಿ:

21,000 − 13,125 = 7,875
13,125 − 7,875 = 5,250
7,875 − 5,250 = 2,625
5,250 = 2 × 2,625

2,625ರಿಂದ ಭಾಗಿಸಿ.

ಬದುವಿನಾಚೆ
5:8.